ಪ್ರೊಪೆಲ್ಲರ್ ತಿರುಗಿಸಿ ಸಣ್ಣ ವಿಮಾನದ ಎಂಜಿನ್ ಚಾಲೂ ಮಾಡುವ ಕ್ರಮ

ಪೈಪರ್ ಜೆ-3 ಕಬ್, ಏರೊಂಕಾ ಚಾಂಪ್, ಟೇಲರ್‌ಕ್ರಾಫ್ಟ್, ಡಿ ಹ್ಯಾವಿಲೆಂಡ್ ಟೈಗರ್ ಮಾತ್ ಮುಂತಾದ ಹಳೆಯ ಹಗುರ ವಿಮಾನಗಳಲ್ಲಿ ಬಹುತೇಕವು ಸ್ಟಾರ್ಟರ್ ಮೋಟಾರ್ ಇಲ್ಲದೆಯೇ ಕಾರ್ಖಾನೆಯಿಂದ ಹೊರಬಂದವು. ಅವುಗಳಲ್ಲಿ ಹಲವು ಇಂದಿಗೂ ಹಾರುತ್ತಿವೆ, ಮತ್ತು ಪ್ರತಿ ಹಾರಾಟಕ್ಕೆ ಮೊದಲು ಯಾರಾದರೊಬ್ಬರು ಮುಂದೆ ನಿಂತು ಪ್ರೊಪೆಲ್ಲರನ್ನು ಕೈಯಿಂದ ಎಳೆದು ಎಂಜಿನ್ನಿಗೆ ಜೀವ ಕೊಡಬೇಕಾಗುತ್ತದೆ. ದೂರದಿಂದ ನೋಡಿದವರಿಗೆ ಇದು ತೋಳ್ಬಲದ ಕೆಲಸವೆಂದು ತೋರುತ್ತದೆ. ವಾಸ್ತವದಲ್ಲಿ 65 ಅಶ್ವಶಕ್ತಿಯ ಎಂಜಿನ್ ಸುಸ್ಥಿತಿಯಲ್ಲಿದ್ದರೆ ಸಾಧಾರಣ ಮೈಕಟ್ಟಿನವರೂ ಹೆಚ್ಚು ಬಲ ಹಾಕದೆ ಅದನ್ನು ಚಾಲೂ ಮಾಡಬಲ್ಲರು. ಬೇಕಾಗಿರುವುದು ಕಟ್ಟುನಿಟ್ಟಾದ ಕ್ರಮ, ಮತ್ತು ಆ ಕ್ರಮದ ಬಹುಪಾಲು ಕೈ ಬ್ಲೇಡನ್ನು ಮುಟ್ಟುವುದಕ್ಕೆ ಮೊದಲೇ ಮುಗಿದಿರಬೇಕು.

ಈ ಲೇಖನವನ್ನು ಓದಿದ ಮಾತ್ರಕ್ಕೆ ಯಾರೂ ಪ್ರೊಪೆಲ್ಲರ್ ಎಳೆಯಲು ಹೋಗಬಾರದು. ಅದೇ ಮಾದರಿಯ ವಿಮಾನವನ್ನು ವರ್ಷಗಟ್ಟಲೆ ಕೈಯಿಂದ ಚಾಲೂ ಮಾಡಿದ ಬೋಧಕರೊಬ್ಬರ ಪಕ್ಕದಲ್ಲಿ ನಿಂತು, ಮೊದಲು ಎಂಜಿನ್ ಹೊತ್ತಿಕೊಳ್ಳುವ ಸಾಧ್ಯತೆಯೇ ಇಲ್ಲದಂತೆ ಸ್ಪಾರ್ಕ್ ಪ್ಲಗ್‌ಗಳ ತಂತಿಗಳನ್ನೆಲ್ಲ ಬಿಚ್ಚಿ ಅಭ್ಯಾಸ ಮಾಡಬೇಕು. ಹಾಗೆ ಕಲಿಯುವವರಿಗೆ ಪ್ರತಿಯೊಂದು ಹೆಜ್ಜೆಯ ಹಿಂದಿನ ಕಾರಣ ತಿಳಿದಿರಲಿ ಎಂಬುದು ಇಲ್ಲಿನ ಉದ್ದೇಶ. ಕಾರಣ ತಿಳಿಯದೆ ಕಲಿತ ಕ್ರಮವನ್ನು ಅವಸರದ ದಿನ ಬಿಟ್ಟುಬಿಡುವುದು ಬಹಳ ಸುಲಭ.

ಎಂಜಿನ್ನಿನ ಒಳಗೆ ನಡೆಯುವುದು

ಸಣ್ಣ ವಿಮಾನದ ಎಂಜಿನ್ನಿಗೆ ಕಿಡಿ ಕೊಡುವುದು ಮ್ಯಾಗ್ನೆಟೊ. ಅದು ಬ್ಯಾಟರಿಯನ್ನು ಅವಲಂಬಿಸದೆ, ಎಂಜಿನ್ ತಿರುಗಿದಾಗ ತನ್ನೊಳಗಿನ ಅಯಸ್ಕಾಂತದ ಚಲನೆಯಿಂದಲೇ ವಿದ್ಯುತ್ತನ್ನು ಉತ್ಪಾದಿಸುತ್ತದೆ. ಬ್ಯಾಟರಿ ಸತ್ತಿದ್ದರೂ, ಅಥವಾ ಇಲ್ಲದೇ ಇದ್ದರೂ, ಎಂಜಿನ್ ಓಡುವುದು ಇದರಿಂದಲೇ. ಅಪಾಯದ ಮೂಲವೂ ಇದೇ. ಕಾಕ್‌ಪಿಟ್‌ನ ಸ್ವಿಚ್ಚನ್ನು ‘ಆಫ್’ ಮಾಡಿದಾಗ ಮ್ಯಾಗ್ನೆಟೊಗೆ ಹೋಗುವ ವಿದ್ಯುತ್ ಕಡಿತವಾಗುವುದಿಲ್ಲ, ಏಕೆಂದರೆ ಅದಕ್ಕೆ ಹೊರಗಿನಿಂದ ವಿದ್ಯುತ್ ಬರುವುದೇ ಇಲ್ಲ. ಆ ಸ್ವಿಚ್ ಒಂದು ತಂತಿಯ ಮೂಲಕ ಮ್ಯಾಗ್ನೆಟೊದ ಪ್ರಾಥಮಿಕ ಸುರುಳಿಯನ್ನು ಎಂಜಿನ್ನಿನ ಲೋಹದ ಮೈಗೆ ಜೋಡಿಸಿ, ಕಿಡಿ ಹುಟ್ಟದಂತೆ ತಡೆಯುತ್ತದೆ. ಆ ತಂತಿ ಎಲ್ಲಾದರೂ ತುಂಡಾಗಿದ್ದರೆ, ಸಡಿಲಗೊಂಡಿದ್ದರೆ, ಅಥವಾ ಸ್ವಿಚ್ಚಿನ ಒಳಭಾಗ ಸವೆದಿದ್ದರೆ, ಸ್ವಿಚ್ ಆಫ್ ಎಂದು ತೋರಿಸುತ್ತಿದ್ದರೂ ಮ್ಯಾಗ್ನೆಟೊ ಕಿಡಿ ಕೊಡಲು ಸಿದ್ಧವಾಗಿಯೇ ಇರುತ್ತದೆ. ಹೊರಗೆ ನಿಂತವರಿಗೆ ಇದನ್ನು ಕಂಡುಹಿಡಿಯುವ ದಾರಿಯಿಲ್ಲ. ಆದ್ದರಿಂದ ಪ್ರೊಪೆಲ್ಲರ್ ಯಾವ ಕ್ಷಣದಲ್ಲಾದರೂ ತಾನಾಗಿ ತಿರುಗಬಹುದು ಎಂದೇ ಭಾವಿಸಿ ಅದರ ಬಳಿ ವರ್ತಿಸಬೇಕು. ವಿಮಾನವನ್ನು ಹ್ಯಾಂಗರಿನಲ್ಲಿ ಜರುಗಿಸುವಾಗ ಬ್ಲೇಡ್ ಅಡ್ಡ ಬಂತೆಂದು ಬದಿಗೆ ಸರಿಸುವ ಕ್ಷಣಕ್ಕೂ ಈ ಮಾತು ಅನ್ವಯಿಸುತ್ತದೆ.

ಕೈಯಿಂದ ತಿರುಗಿಸುವಾಗ ಎಂಜಿನ್ನಿನ ವೇಗ ಬಹಳ ಕಡಿಮೆ. ಅಷ್ಟು ನಿಧಾನವಾಗಿ ತಿರುಗುವ ಮ್ಯಾಗ್ನೆಟೊದಿಂದ ಒಳ್ಳೆಯ ಕಿಡಿ ಬರುವುದಿಲ್ಲ. ಅಲ್ಲದೆ ಈ ಎಂಜಿನ್ನುಗಳಲ್ಲಿ ಕಿಡಿ ಬೀಳುವುದು ಪಿಸ್ಟನ್ ತನ್ನ ತುದಿಯನ್ನು ಮುಟ್ಟುವುದಕ್ಕೆ 20ರಿಂದ 30 ಡಿಗ್ರಿಗಳಷ್ಟು ಮೊದಲೇ. ವೇಗವಾಗಿ ಓಡುತ್ತಿರುವಾಗ ಇದು ಸರಿಯಾದ ಹೊತ್ತು. ನಿಧಾನವಾಗಿ ತಿರುಗುತ್ತಿರುವಾಗ ಮಾತ್ರ, ಪಿಸ್ಟನ್ ಇನ್ನೂ ಏರುತ್ತಿರುವಾಗಲೇ ಅನಿಲ ಹೊತ್ತಿಕೊಂಡು ಅದನ್ನು ಹಿಂದಕ್ಕೆ ತಳ್ಳುತ್ತದೆ. ಆಗ ಪ್ರೊಪೆಲ್ಲರ್ ಎಳೆಯುವವರ ಕೈಗೆ ವಿರುದ್ಧವಾಗಿ ಒದೆಯುತ್ತದೆ. ಈ ಎರಡೂ ತೊಂದರೆಗಳಿಗೆ ಪರಿಹಾರವೇ ಇಂಪಲ್ಸ್ ಕಪ್ಲಿಂಗ್ ಎಂಬ ಸ್ಪ್ರಿಂಗ್ ಜೋಡಣೆ. ಅದು ಮ್ಯಾಗ್ನೆಟೊದ ತಿರುಗುವ ಭಾಗವನ್ನು ಸ್ವಲ್ಪ ಹೊತ್ತು ತಡೆದು ಹಿಡಿದು, ಪಿಸ್ಟನ್ ತುದಿಗೆ ಬಂದಾಗ ಒಮ್ಮೆಲೇ ಬಿಡುತ್ತದೆ. ಬಿಡುವಾಗ ‘ಟಕ್’ ಎಂಬ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ನುರಿತವರು ಪ್ರೊಪೆಲ್ಲರ್ ತಿರುಗಿಸುವಾಗ ಕಿವಿಗೊಡುವುದು ಈ ಸದ್ದಿಗೆ. ಸದ್ದು ಬರದಿದ್ದರೆ ಎಳೆಯುವುದನ್ನು ನಿಲ್ಲಿಸಿ ಮೆಕ್ಯಾನಿಕ್‌ರನ್ನು ಕರೆಯಬೇಕು.

ಅನೇಕ ಎಂಜಿನ್ನುಗಳಲ್ಲಿ ಎರಡು ಮ್ಯಾಗ್ನೆಟೊಗಳ ಪೈಕಿ ಒಂದಕ್ಕೆ ಮಾತ್ರ ಇಂಪಲ್ಸ್ ಕಪ್ಲಿಂಗ್ ಇರುತ್ತದೆ. ಅಂಥ ಎಂಜಿನ್ನನ್ನು ಆ ಒಂದು ಮ್ಯಾಗ್ನೆಟೊದ ಮೇಲಷ್ಟೇ ಚಾಲೂ ಮಾಡಿ, ಓಡತೊಡಗಿದ ಮೇಲೆ ಸ್ವಿಚ್ಚನ್ನು ‘ಬೋತ್’ (ಎರಡೂ ಮ್ಯಾಗ್ನೆಟೊ) ಸ್ಥಾನಕ್ಕೆ ತರಬೇಕು. ನಿಮ್ಮ ವಿಮಾನದಲ್ಲಿ ಅದು ಎಡಬದಿಯದೋ ಬಲಬದಿಯದೋ ಎಂಬುದನ್ನು ಎಂಜಿನ್ನಿನ ದಾಖಲೆಪುಸ್ತಕ ನೋಡಿ, ಮೆಕ್ಯಾನಿಕ್‌ರನ್ನು ಕೇಳಿ ಖಚಿತ ಮಾಡಿಕೊಳ್ಳಿ, ಊಹೆಗೆ ಬಿಡಬೇಡಿ.

ಕೈ ಹಚ್ಚಬಾರದ ಎಂಜಿನ್ನುಗಳು

ಸ್ಟಾರ್ಟರ್ ಇರುವ ವಿಮಾನದ ಬ್ಯಾಟರಿ ಸತ್ತಾಗ ಹಲವರಿಗೆ ಕೈಯಿಂದ ಎಳೆಯುವ ಯೋಚನೆ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ಬಹುಮಟ್ಟಿಗೆ ತಪ್ಪು ನಿರ್ಧಾರ. ಬ್ಯಾಟರಿಯನ್ನು ಚಾರ್ಜ್ ಮಾಡುವುದು ಅಥವಾ ಹೊರಗಿನಿಂದ ವಿದ್ಯುತ್ ಕೊಡುವುದು ತಡವಾದರೂ ಸರಿಯಾದ ದಾರಿ. ಆ ವಿಮಾನದ ಪ್ರೊಪೆಲ್ಲರನ್ನು ಜೋಡಿಸುವಾಗ ಕೈಯಿಂದ ಎಳೆಯುವವರ ಅನುಕೂಲವನ್ನು ಯಾರೂ ನೋಡಿರುವುದಿಲ್ಲ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಅನಿಲವನ್ನು ಪಿಸ್ಟನ್ ಒತ್ತಿ ಅಡಕಗೊಳಿಸುವ ಹಂತ, ಬರುವ ಹೊತ್ತಿಗೆ ಬ್ಲೇಡ್ ತೀರ ಮೇಲೆಯೋ ತೀರ ಕೆಳಗೆಯೋ ಇರಬಹುದು. ಮೂಗುಚಕ್ರದ ವಿಮಾನಗಳಲ್ಲಿ ಪ್ರೊಪೆಲ್ಲರ್ ನೆಲಕ್ಕೆ ಹತ್ತಿರವಿರುವುದರಿಂದ ಎಳೆಯುವವರು ಬಗ್ಗಬೇಕಾಗುತ್ತದೆ, ಬಗ್ಗಿದ ದೇಹ ಮುಂದಕ್ಕೇ ವಾಲುತ್ತದೆ. ಕೆಲವು ಎಂಜಿನ್ನುಗಳಲ್ಲಿ ಇಂಪಲ್ಸ್ ಕಪ್ಲಿಂಗ್ ಬದಲು ಬ್ಯಾಟರಿಯಿಂದ ನಡೆಯುವ ಕಂಪಕದ ವ್ಯವಸ್ಥೆ ಇದ್ದು, ಬ್ಯಾಟರಿ ಸತ್ತಿದ್ದರೆ ಅದು ಕೆಲಸ ಮಾಡುವುದಿಲ್ಲ. ಆಗ ಬರುವ ಕಿಡಿ ಮುಂಚಿತವಾಗಿಯೇ ಬಂದು ಪ್ರೊಪೆಲ್ಲರ್ ಹಿಂದಕ್ಕೆ ಒದೆಯುತ್ತದೆ. ಪೂರ್ತಿ ಬರಿದಾದ ಬ್ಯಾಟರಿಯಿದ್ದರೆ ಆಲ್ಟರ್ನೇಟರ್ ಕೂಡ ವಿದ್ಯುತ್ ಉತ್ಪಾದಿಸಲು ಆರಂಭಿಸದಿರಬಹುದು. ಎಂಜಿನ್ ಓಡಿದರೂ ರೇಡಿಯೊ, ದೀಪಗಳು, ವಿದ್ಯುತ್ ಮಾಪಕಗಳು ಇಲ್ಲದ ವಿಮಾನ ಕೈಯಲ್ಲಿ ಉಳಿಯುತ್ತದೆ.

ಆರು ಸಿಲಿಂಡರುಗಳ ದೊಡ್ಡ ಎಂಜಿನ್, ಮೂರು ಬ್ಲೇಡುಗಳ ಪ್ರೊಪೆಲ್ಲರ್, ಇಂಧನವನ್ನು ವಿದ್ಯುತ್ ಪಂಪಿನಿಂದ ಊಡಿಸಬೇಕಾದ ಇಂಜೆಕ್ಷನ್ ಎಂಜಿನ್, ಗೇರ್‌ಬಾಕ್ಸ್ ಮೂಲಕ ಪ್ರೊಪೆಲ್ಲರ್ ತಿರುಗಿಸುವ ರೋಟಾಕ್ಸ್ 912ರಂಥ ಎಂಜಿನ್, ಇವೆಲ್ಲ ಕೈಗೆ ಒಗ್ಗುವಂಥವಲ್ಲ. ರೋಟಾಕ್ಸ್ 912ರ ಎಲೆಕ್ಟ್ರಾನಿಕ್ ಕಿಡಿ ವ್ಯವಸ್ಥೆ ಒಂದು ಕನಿಷ್ಠ ವೇಗ ಮುಟ್ಟುವವರೆಗೆ ಕಿಡಿಯನ್ನೇ ಕೊಡುವುದಿಲ್ಲ, ಆ ವೇಗ ಮನುಷ್ಯರ ತೋಳಿಗೆ ಎಟುಕುವುದಿಲ್ಲ. ತಯಾರಕರ ಕೈಪಿಡಿ ಕೈಯಿಂದ ಚಾಲೂ ಮಾಡಬಾರದೆಂದು ಹೇಳಿದ್ದರೆ ಅಲ್ಲಿಗೆ ಚರ್ಚೆ ಮುಗಿಯಿತು.

ವಿಮಾನವನ್ನು ಕಟ್ಟುವುದು, ನೆಲವನ್ನು ನೋಡುವುದು

ಕೈಯಿಂದ ಚಾಲೂ ಮಾಡುವಾಗ ಆಗುವ ಅಪಘಾತಗಳಲ್ಲಿ ಎರಡು ಬಗೆ. ಮೊದಲನೆಯದು ಬ್ಲೇಡ್ ತಗುಲುವುದು. ಎರಡನೆಯದು ಎಂಜಿನ್ ಹೊತ್ತಿಕೊಂಡ ವಿಮಾನ ಹಿಡಿತ ತಪ್ಪಿ ಓಡುವುದು. 1955ರ ಆಗಸ್ಟ್ 30ರಂದು ಆಸ್ಟ್ರೇಲಿಯದ ಸಿಡ್ನಿ ಬಳಿಯ ಬ್ಯಾಂಕ್ಸ್‌ಟೌನ್ ವಿಮಾನ ನಿಲ್ದಾಣದಲ್ಲಿ ಆಸ್ಟರ್ ಮಾದರಿಯ ಪುಟ್ಟ ವಿಮಾನವೊಂದರ ಎಂಜಿನ್ ನಿಂತುಹೋಯಿತು. ಅದರಲ್ಲಿ ಒಬ್ಬನೇ ಇದ್ದ ಪೈಲಟ್ ಕೆಳಗಿಳಿದು ಪ್ರೊಪೆಲ್ಲರ್ ಎಳೆದಾಗ ಎಂಜಿನ್ ಚಾಲೂ ಆಗಿ, ವಿಮಾನ ಅವನನ್ನು ನೆಲದ ಮೇಲೆಯೇ ಬಿಟ್ಟು ಓಡಿ ಗಾಳಿಗೇರಿತು. ಗಂಟೆಗಟ್ಟಲೆ ನಗರದ ಮೇಲೂ ಕಡಲತೀರದ ಮೇಲೂ ಸುತ್ತಾಡಿದ ಆ ಪೈಲಟ್ ಇಲ್ಲದ ವಿಮಾನವನ್ನು ಕೊನೆಗೆ ನೌಕಾಪಡೆಯ ಯುದ್ಧವಿಮಾನಗಳು ಸಮುದ್ರದ ಮೇಲೆ ಹೊಡೆದುರುಳಿಸಬೇಕಾಯಿತು. ಇಷ್ಟು ದೂರ ಹೋದ ಪ್ರಸಂಗಗಳು ಅಪರೂಪ, ಆದರೆ ಕಟ್ಟದ ವಿಮಾನ ಓಡಿಹೋಗಿ ಹ್ಯಾಂಗರಿಗೋ ಪಕ್ಕದ ವಿಮಾನಕ್ಕೋ ಬಡಿಯುವುದು ಅಪರೂಪವಲ್ಲ.

ಹಾಗಾಗಿ ಮೊದಲ ಕೆಲಸ ಕಟ್ಟುವುದು. ಬಾಲಚಕ್ರದ ಬಳಿ ಇರುವ ಬಳೆಗೆ ಗಟ್ಟಿಯಾದ ಹಗ್ಗ ಹಾಕಿ, ನೆಲದಲ್ಲಿ ಭದ್ರವಾಗಿ ಹೂತಿರುವ ಕೊಂಡಿಗೆ ಬಿಗಿಯಿರಿ. ಗಂಟು ವಿಮಾನ ಜಗ್ಗಿದರೂ ಜಾರಬಾರದು, ಬೇಕಾದಾಗ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಬೇಕು. ಎರಡೂ ಮುಖ್ಯ ಚಕ್ರಗಳ ಮುಂದೆ ಚಾಕ್, ಅಂದರೆ ಚಕ್ರ ಉರುಳದಂತೆ ತಡೆಯುವ ಬೆಣೆ, ಇಡಿ. ಚಾಕ್‌ಗಳಿಗೆ ಉದ್ದನೆಯ ಹಗ್ಗ ಕಟ್ಟಿ ಅದನ್ನು ರೆಕ್ಕೆಯ ಹಿಂಭಾಗದತ್ತ ಹರಡಿಟ್ಟರೆ, ಅನಂತರ ಅವನ್ನು ತೆಗೆಯಲು ಯಾರೂ ಪ್ರೊಪೆಲ್ಲರಿನ ಹತ್ತಿರ ಹೋಗಬೇಕಾಗುವುದಿಲ್ಲ. ಇಟ್ಟಿಗೆ, ಕಲ್ಲು, ಮರದ ತುಂಡುಗಳನ್ನು ಚಾಕ್ ಎಂದು ಬಳಸಬಾರದು, ಏಕೆಂದರೆ ಎಂಜಿನ್ನಿನ ಎಳೆತಕ್ಕೆ ಚಕ್ರ ಅವುಗಳ ಮೇಲೆ ಹತ್ತಿಬಿಡುತ್ತದೆ. ಬ್ರೇಕ್ ಇದ್ದರೆ ಹಾಕಿರಬೇಕು, ಆದರೆ ಅದೊಂದನ್ನೇ ನಂಬಬಾರದು. ಹಳೆಯ ವಿಮಾನಗಳ ಬ್ರೇಕುಗಳು ದುರ್ಬಲ, ಕೆಲವಕ್ಕೆ ಬ್ರೇಕೇ ಇಲ್ಲ.

ಎಳೆಯುವವರು ನಿಲ್ಲುವ ನೆಲ ಒಣಗಿ ಗಟ್ಟಿಯಾಗಿರಬೇಕು. ಒದ್ದೆ ಹುಲ್ಲು, ಕೆಸರು, ಸಡಿಲ ಜಲ್ಲಿ, ಎಣ್ಣೆ ಚೆಲ್ಲಿದ ಕಾಂಕ್ರೀಟ್, ಹಿಮ ಇವುಗಳಲ್ಲಿ ಯಾವುದು ಕಂಡರೂ ವಿಮಾನವನ್ನು ಬೇರೆಡೆಗೆ ತಳ್ಳಿಕೊಂಡು ಹೋಗಿ. ಆ ಐದು ನಿಮಿಷದ ತಳ್ಳಾಟಕ್ಕೆ ಬೇಸರಪಟ್ಟು ಜಾರುವ ನೆಲದ ಮೇಲೆಯೇ ನಿಲ್ಲುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ, ಏಕೆಂದರೆ ಜಾರಿದ ಕಾಲು ದೇಹವನ್ನು ಒಯ್ಯುವುದು ಬ್ಲೇಡಿನ ಕಡೆಗೇ. ವಿಮಾನದ ಮೂಗು ಖಾಲಿ ಬಯಲಿನತ್ತ, ಸಾಧ್ಯವಾದರೆ ಗಾಳಿಗೆ ಎದುರಾಗಿ ಇರಲಿ. ಹಿಂದೆ ಇನ್ನೊಂದು ವಿಮಾನವಾಗಲಿ, ತೆರೆದ ಹ್ಯಾಂಗರ್ ಬಾಗಿಲಾಗಲಿ ಇರದಿರಲಿ. ನೋಡಲು ಬಂದವರು, ಮಕ್ಕಳು, ನಾಯಿಗಳು ಎಲ್ಲರೂ ರೆಕ್ಕೆಯ ತುದಿಯಿಂದಲೂ ಆಚೆಗೆ, ಪ್ರೊಪೆಲ್ಲರಿನ ನೇರಕ್ಕೆ ಬಾರದಂತೆ ನಿಂತಿರಬೇಕು. ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವಲ್ಲಿ ಇರಬೇಕು.

ಇನ್ನು ಉಡುಪು. ಉಂಗುರ, ಕೈಗಡಿಯಾರ, ಬಳೆ, ಕೊರಳಿಗೆ ಹಾಕಿದ ಗುರುತಿನ ಚೀಟಿಯ ದಾರ, ಶಾಲು, ಟೈ, ಜೋತಾಡುವ ಜಾಕೆಟ್ಟಿನ ಪಟ್ಟಿ, ಹೆಡ್‌ಸೆಟ್ಟಿನ ತಂತಿ, ಇವೆಲ್ಲ ಕಳಚಿಡಬೇಕು. ಉದ್ದ ಕೂದಲನ್ನು ಬಿಗಿಯಾಗಿ ಕಟ್ಟಬೇಕು. ಷೂಗಳ ಅಟ್ಟೆ ಜಾರಬಾರದು, ಲೇಸುಗಳು ಬಿಚ್ಚಿಕೊಂಡಿರಬಾರದು. ಪ್ರೊಪೆಲ್ಲರಿನ ಬ್ಲೇಡುಗಳನ್ನು ಬಟ್ಟೆಯಿಂದ ಒರೆಸಿ ಎಣ್ಣೆಯನ್ನೂ ಇಬ್ಬನಿಯನ್ನೂ ತೆಗೆಯಿರಿ. ಒರೆಸುವಾಗಲೂ ಬ್ಲೇಡಿನ ಸುತ್ತಿನ ದಾರಿಯಲ್ಲಿ ತಲೆಯನ್ನಾಗಲಿ ಮೈಯನ್ನಾಗಲಿ ತರಬೇಡಿ. ಲೋಹದ ಬ್ಲೇಡಿನ ಹಿಂದಂಚು ಚರ್ಮ ಸೀಳುವಷ್ಟು ಹರಿತವಾಗಿರುವುದುಂಟು.

ಒಳಗಿರುವವರು, ಹೊರಗಿರುವವರು

ಈ ಕೆಲಸಕ್ಕೆ ಇಬ್ಬರು ಬೇಕು, ಮತ್ತು ಇಬ್ಬರಿಗೂ ಕೆಲಸ ಗೊತ್ತಿರಬೇಕು. ಒಳಗೆ ಕೂರುವವರು ಆ ವಿಮಾನದ ಥ್ರಾಟಲ್ (ಎಂಜಿನ್ನಿನ ಶಕ್ತಿಯನ್ನು ಹೆಚ್ಚುಕಡಿಮೆ ಮಾಡುವ ಹಿಡಿ), ಸ್ವಿಚ್, ಬ್ರೇಕ್, ಇಂಧನದ ಕವಾಟ ಇವನ್ನು ಕಣ್ಣು ಮುಚ್ಚಿಯೂ ಹುಡುಕಬಲ್ಲ ಪೈಲಟ್ ಆಗಿರಬೇಕು. ಹೊರಗೆ ಪೈಲಟ್ ಎಳೆಯುತ್ತ, ಒಳಗೆ ಹಾರಾಟ ತಿಳಿಯದ ಸ್ನೇಹಿತರನ್ನು ಕೂರಿಸಿ “ಈ ಗುಂಡಿಯನ್ನು ಒತ್ತಿಹಿಡಿ” ಎಂದು ಹೇಳುವುದು ಅತ್ಯಂತ ಅಪಾಯಕರ ಏರ್ಪಾಡು. ಎಂಜಿನ್ ಅಬ್ಬರಿಸಿದ ಕೂಡಲೇ ಅನುಭವವಿಲ್ಲದವರು ಗಾಬರಿಯಲ್ಲಿ ಥ್ರಾಟಲನ್ನು ಯಾವ ಕಡೆಗೆ ತಳ್ಳುತ್ತಾರೆಂದು ಹೇಳಲಾಗದು.

ಮಾತಿನ ಹಿಡಿತ ಹೊರಗಿರುವವರದು. ಅವರು ಕೇಳಿದ್ದನ್ನು ಒಳಗಿನವರು ಮೊದಲು ಕೈಯಿಂದ ಮಾಡಿ, ಕಣ್ಣಿಂದ ನೋಡಿ, ಆಮೇಲೆ ಅದೇ ಪದಗಳಲ್ಲಿ ಮರುನುಡಿಯಬೇಕು. ತಲೆಯಾಡಿಸುವುದು, ಹೆಬ್ಬೆರಳೆತ್ತುವುದು, “ಹೂಂ” ಎನ್ನುವುದು ಉತ್ತರವಲ್ಲ. ಮೊದಲ ಸುತ್ತಿನ ಮಾತು ಹೀಗೆ ನಡೆಯುತ್ತದೆ:

“ಫ್ಯೂಯಲ್ ಆನ್, ಸ್ವಿಚ್ ಆಫ್, ಥ್ರಾಟಲ್ ಕ್ಲೋಸ್ಡ್, ಬ್ರೇಕ್ಸ್ ಸೆಟ್?” ಎಂದು ಹೊರಗಿನವರು ಕೇಳುತ್ತಾರೆ. “ಫ್ಯೂಯಲ್ ಆನ್, ಸ್ವಿಚ್ ಆಫ್, ಥ್ರಾಟಲ್ ಕ್ಲೋಸ್ಡ್, ಬ್ರೇಕ್ಸ್ ಸೆಟ್” ಎಂಬ ಉತ್ತರ ಪೂರ್ತಿಯಾಗಿ ಬಂದ ಮೇಲಷ್ಟೇ ಅವರು ಪ್ರೊಪೆಲ್ಲರಿನ ಹತ್ತಿರ ಹೋಗುತ್ತಾರೆ. ಹೋಗಿ ಮೊದಲು ಮಾಡುವ ಕೆಲಸ ಪ್ರೊಪೆಲ್ಲರಿನ ನಡುಗುಂಬವನ್ನು ಬಲವಾಗಿ ಹಿಂದಕ್ಕೆ ತಳ್ಳಿ, ಮುಂದಕ್ಕೆ ಎಳೆದು, ವಿಮಾನ ಅಲುಗುವುದೋ ಎಂದು ಪರೀಕ್ಷಿಸುವುದು. ಅಲುಗಿದರೆ ಬ್ರೇಕ್ ಹಿಡಿದಿಲ್ಲ, ಚಾಕ್ ಸರಿಯಾಗಿ ಕೂತಿಲ್ಲ. ಎಲ್ಲವೂ ಮೊದಲಿನಿಂದ ಶುರು.

ಸ್ವಿಚ್ ಹಾಕಿಸಲು “ಸ್ವಿಚ್ ಆನ್” ಎನ್ನದೆ “ಕಾಂಟ್ಯಾಕ್ಟ್” ಎಂದು ಕೂಗುವ ರೂಢಿ ಹಳೆಯದು. ಗಾಳಿಯ ಸದ್ದಿನಲ್ಲಿ ‘ಆನ್’ ಮತ್ತು ‘ಆಫ್’ ಒಂದೇ ರೀತಿ ಕೇಳಿಸುವ ಭಯ ಇದರಿಂದ ತಪ್ಪುತ್ತದೆ. ಇದನ್ನು ಯಾರೂ ತಮ್ಮಿಷ್ಟಕ್ಕೆ ಬದಲಾಯಿಸಬಾರದು.

ಇಂಧನ ಊಡಿಸುವುದು

ತಣ್ಣಗಿರುವ ಎಂಜಿನ್ನಿಗೆ ಸ್ವಲ್ಪ ಹೆಚ್ಚು ಇಂಧನ ಬೇಕು. ಪ್ರೈಮರ್ (ಚಾಲೂ ಮಾಡುವ ಮೊದಲು ಎಂಜಿನ್ನಿಗೆ ಇಂಧನ ಊಡಿಸುವ ಕೈಪಂಪು) ಇದ್ದರೆ ಒಳಗಿನವರು ಕೈಪಿಡಿಯಲ್ಲಿ ಹೇಳಿದಷ್ಟು ಸಲ ಅದನ್ನು ಒತ್ತಿ, ಮತ್ತೆ ಬೀಗ ಹಾಕಬೇಕು. ಅನಂತರ ಸ್ವಿಚ್ ಆಫ್ ಇರುವಾಗಲೇ, ಥ್ರಾಟಲ್ ಮುಚ್ಚಿರುವಾಗಲೇ, ಹೊರಗಿನವರು ಪ್ರೊಪೆಲ್ಲರನ್ನು ನಾಲ್ಕರಿಂದ ಆರು ಬ್ಲೇಡುಗಳಷ್ಟು ನಿಧಾನವಾಗಿ ತಿರುಗಿಸಿ ಇಂಧನವನ್ನು ಸಿಲಿಂಡರುಗಳಿಗೆ ಎಳೆದುಕೊಳ್ಳುತ್ತಾರೆ. ಆಗ ಕಾರ್ಬ್ಯುರೇಟರಿನಿಂದ ಒದ್ದೆಯಾದ ಹೀರುವ ಸದ್ದು ಬರುತ್ತದೆ. ನಾಲ್ಕು ಸಿಲಿಂಡರಿನ ನಾಲ್ಕು ಹೊಡೆತದ (ಫೋರ್-ಸ್ಟ್ರೋಕ್) ಎಂಜಿನ್ನಿನಲ್ಲಿ ಪ್ರತಿ ಅರ್ಧ ಸುತ್ತಿಗೊಮ್ಮೆ ಒಂದು ಸಿಲಿಂಡರ್ ಕಂಪ್ರೆಷನ್ನಿಗೆ ಬರುವುದರಿಂದ, ಎರಡು ಬ್ಲೇಡುಗಳ ಪ್ರೊಪೆಲ್ಲರಿನಲ್ಲಿ ಪ್ರತಿ ಬ್ಲೇಡನ್ನು ಎಳೆದಾಗಲೂ ಕೈಗೆ ಒಂದೊಂದು ಸಿಲಿಂಡರಿನ ಎದುರೊತ್ತು ತಿಳಿಯುತ್ತದೆ. ನಾಲ್ಕೂ ಸಮನಾಗಿವೆಯೇ ಎಂದು ಗಮನಿಸುತ್ತ ಹೋಗುವುದು ಒಳ್ಳೆಯ ಅಭ್ಯಾಸ. ಒಂದು ತೀರ ಮೆತ್ತಗಿದ್ದರೆ ಆ ಸಿಲಿಂಡರಿನ ಕವಾಟವೋ ಪಿಸ್ಟನ್ ರಿಂಗೋ ಕೆಟ್ಟಿರಬಹುದು, ಹಾರಾಟಕ್ಕೆ ಮೊದಲೇ ಅದು ಗೊತ್ತಾಯಿತು.

ಹೀಗೆ ತಿರುಗಿಸುವುದನ್ನೂ ಎಂಜಿನ್ ಚಾಲೂ ಮಾಡುವ ಎಳೆತದಷ್ಟೇ ಎಚ್ಚರದಿಂದ, ಅದೇ ನಿಲುವಿನಲ್ಲಿ, ಅದೇ ಕೈಚಲನೆಯಲ್ಲಿ ಮಾಡಬೇಕು. ಸ್ವಿಚ್ ಆಫ್ ಇದೆಯೆಂದು ಮೈಮರೆತು ಬ್ಲೇಡಿಗೆ ಒರಗಿ ತಿರುಗಿಸುವವರನ್ನು ಕಂಡಾಗ ನನಗೆ ಎದೆ ಝಲ್ಲೆನ್ನುತ್ತದೆ.

ಆಗಷ್ಟೇ ನಿಲ್ಲಿಸಿದ ಬಿಸಿ ಎಂಜಿನ್ನಿಗೆ ಸಾಮಾನ್ಯವಾಗಿ ಪ್ರೈಮರ್ ಬೇಕಿಲ್ಲ. ಬಹಳ ಚಳಿಯಿದ್ದಾಗ ಎಣ್ಣೆ ಗಟ್ಟಿಯಾಗಿ ಎಂಜಿನ್ ತಿರುಗುವುದೇ ಕಷ್ಟವಾಗುತ್ತದೆ, ಇಂಪಲ್ಸ್ ಕಪ್ಲಿಂಗಿನ ಕೊಕ್ಕೆಗಳೂ ಅಂಟಿಕೊಳ್ಳಬಹುದು. ಆಗ ಎಂಜಿನ್ನನ್ನು ಬೆಚ್ಚಗೆ ಮಾಡುವುದೇ ದಾರಿ.

ನಿಲುವು ಮತ್ತು ಎಳೆತ

ಕಾಕ್‌ಪಿಟ್‌ನಿಂದ ನೋಡಿದಾಗ ಹೆಚ್ಚಿನ ಅಮೆರಿಕನ್ ಎಂಜಿನ್ನುಗಳು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತವೆ. ಆದ್ದರಿಂದ ವಿಮಾನಕ್ಕೆ ಎದುರಾಗಿ ನಿಂತವರಿಗೆ ತಮ್ಮ ಎಡಗಡೆಯ ಬ್ಲೇಡ್ ಕೆಳಗಿಳಿಯುತ್ತದೆ, ಅದನ್ನೇ ಎಳೆಯಬೇಕು. ಟೈಗರ್ ಮಾತ್ ಮತ್ತು ಚಿಪ್‌ಮಂಕ್ ವಿಮಾನಗಳ ಜಿಪ್ಸಿ ಮೇಜರ್ ಎಂಜಿನ್ ತಿರುಗುವುದು ಇದಕ್ಕೆ ವಿರುದ್ಧವಾಗಿ, ಅಲ್ಲಿ ಎದುರು ನಿಂತವರ ಬಲಗಡೆಯ ಬ್ಲೇಡ್ ಇಳಿಯುತ್ತದೆ. ಕಬ್‌ಗೆ ಒಗ್ಗಿದ ದೇಹ ಟೈಗರ್ ಮಾತ್ ಮುಂದೆ ನಿಂತಾಗ ತನ್ನ ಹಳೆಯ ರೂಢಿಗೇ ಜಾರಬಹುದು. ಹೊಸ ವಿಮಾನದ ಮುಂದೆ ಮತ್ತೆ ಮೊದಲಿನಿಂದ, ಸ್ಪಾರ್ಕ್ ಪ್ಲಗ್ ತಂತಿ ಬಿಚ್ಚಿಟ್ಟು, ಒಣ ಅಭ್ಯಾಸ ಮಾಡಿಯೇ ಮುಂದುವರಿಯಬೇಕು.

ಬ್ಲೇಡನ್ನು ಅಡ್ಡ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಕಂಪ್ರೆಷನ್ನಿನ ಎದುರೊತ್ತು ಕೈಗೆ ಸಿಗತೊಡಗಿದ ಕಡೆ ನಿಲ್ಲಿಸಿ. ಅದಕ್ಕಿಂತ ಎತ್ತರದಲ್ಲಿದ್ದರೆ ತೋಳು ಚಾಚಿ ಮುಂದಕ್ಕೆ ವಾಲಬೇಕಾಗುತ್ತದೆ, ತಗ್ಗಿನಲ್ಲಿದ್ದರೆ ಎಳೆತಕ್ಕೆ ಜಾಗ ಉಳಿಯುವುದಿಲ್ಲ. ಬ್ಲೇಡಿಗೆ ನೇರ ಮುಖಮಾಡಿ, ಒಂದು ತೋಳಿನಳತೆಗಿಂತ ತುಸು ಹತ್ತಿರದಲ್ಲಿ, ಎರಡೂ ಕಾಲುಗಳನ್ನು ಅಗಲಿಸಿ ಗಟ್ಟಿಯಾಗಿ ನಿಲ್ಲಿ. ಹೊಸಬರು ಹೆದರಿ ದೂರ ನಿಲ್ಲುತ್ತಾರೆ. ದೂರ ನಿಂತವರು ಬ್ಲೇಡನ್ನು ಮುಟ್ಟಲು ಮುಂದಕ್ಕೆ ಬಾಗಲೇಬೇಕು, ಬಾಗಿದ ದೇಹ ಎಂಜಿನ್ ಹೊತ್ತಿಕೊಂಡ ಕ್ಷಣದಲ್ಲಿ ಬ್ಲೇಡಿನ ಸುತ್ತಿನೊಳಗೇ ಬೀಳುತ್ತದೆ. ಸುರಕ್ಷಿತವಾಗಿರಲು ಬೇಕಾದ ಅಂತರ ಮನಸ್ಸು ಕೇಳುವ ಅಂತರಕ್ಕಿಂತ ಕಡಿಮೆ ಎಂಬುದನ್ನು ಒಪ್ಪಿಕೊಳ್ಳಲು ಎಲ್ಲರಿಗೂ ಸ್ವಲ್ಪ ಕಾಲ ಹಿಡಿಯುತ್ತದೆ.

ಅಂಗೈಗಳನ್ನು ಚಪ್ಪಟೆಯಾಗಿ ಬ್ಲೇಡಿನ ಮೇಲಿಡಿ. ಬೆರಳುಗಳನ್ನು ಬ್ಲೇಡಿನ ಅಂಚಿನ ಸುತ್ತ ಮಡಿಸಿ ಹಿಡಿಯಬೇಡಿ, ಹೆಬ್ಬೆರಳು ಸುತ್ತಿಕೊಳ್ಳದಿರಲಿ. ಪ್ರೊಪೆಲ್ಲರ್ ಹಿಂದಕ್ಕೆ ಒದ್ದರೆ ಚಪ್ಪಟೆ ಕೈ ಜಾರಿ ಬಿಡುಗಡೆಯಾಗುತ್ತದೆ, ಹಿಡಿದ ಕೈಯನ್ನು ಅದು ದೇಹದ ಸಮೇತ ಎತ್ತಿ ಎಳೆಯುತ್ತದೆ. ಈಗ “ಬ್ರೇಕ್ಸ್ ಅಂಡ್ ಕಾಂಟ್ಯಾಕ್ಟ್” ಎಂದು ಕೂಗಿ, ಒಳಗಿನವರು ಬ್ರೇಕ್ ನೋಡಿ, ಸ್ವಿಚ್ ಹಾಕಿ, “ಬ್ರೇಕ್ಸ್ ಅಂಡ್ ಕಾಂಟ್ಯಾಕ್ಟ್” ಎಂದು ಮರುನುಡಿಯುವವರೆಗೆ ಕಾಯಿರಿ. ಥ್ರಾಟಲ್ ಮುಚ್ಚಿರಬೇಕು, ಅಥವಾ ಕೈಪಿಡಿ ಹೇಳುವಷ್ಟು ಕೂದಲೆಳೆಯಷ್ಟೇ ತೆರೆದಿರಬೇಕು.

ಎಳೆತ ಒಂದೇ ಚಲನೆ. ತೋಳುಗಳಿಂದ ಬ್ಲೇಡನ್ನು ಚುರುಕಾಗಿ ಕೆಳಕ್ಕೆ ಎಳೆಯುತ್ತಿರುವಾಗಲೇ ದೇಹದ ಭಾರ ಹಿಂದಿನ ಕಾಲಿಗೆ ವರ್ಗವಾಗಬೇಕು, ಕೈಗಳು ಕೆಳಗೆ ನಿಮ್ಮ ದೇಹದ ಕಡೆಗೆ ಬೀಸಿ ಬಂದು ಮುಗಿಯಬೇಕು, ಮತ್ತು ಆ ವೇಗದಲ್ಲಿಯೇ ನೀವು ಒಂದೆರಡು ಹೆಜ್ಜೆ ಹಿಂದಕ್ಕೆ ಹೋಗಿರಬೇಕು. ಎಳೆದು, ನಿಂತು, ನೋಡಿ, ಆಮೇಲೆ ಹಿಂದೆ ಸರಿಯುವುದು ಎಂದರೆ ತಡವಾಯಿತು. 72 ಇಂಚು, ಅಂದರೆ ಸುಮಾರು 1.83 ಮೀಟರ್ ಉದ್ದದ ಪ್ರೊಪೆಲ್ಲರ್ ನಿಮಿಷಕ್ಕೆ 700 ಸುತ್ತು ತಿರುಗುತ್ತಿದ್ದರೂ ಅದರ ತುದಿಯ ವೇಗ ಗಂಟೆಗೆ 240 ಕಿಲೋಮೀಟರುಗಳಷ್ಟು. ಎಂಜಿನ್ ತೀರ ನಿಧಾನವಾಗಿ ಗುನುಗುತ್ತಿದೆ ಎನ್ನಿಸುವ ಸ್ಥಿತಿಯ ಲೆಕ್ಕ ಇದು.

ಕೆಲವರು ಎಳೆಯುವಾಗ ಒಂದು ಕಾಲನ್ನು ಎತ್ತಿ ಬೀಸಿ ಹಿಂದಕ್ಕೆ ಬರುವ ರಭಸ ಪಡೆಯುತ್ತಾರೆ. ಬೋಧಕರು ಅದನ್ನು ಕಲಿಸಿದ್ದು, ನೆಲ ಒಣಗಿದ್ದು, ಸಮತೋಲ ಚೆನ್ನಾಗಿದ್ದರೆ ಅದು ನಡೆಯುತ್ತದೆ. ನಾನು ಹೊಸಬರಿಗೆ ಅದನ್ನು ಶಿಫಾರಸು ಮಾಡುವುದಿಲ್ಲ. ಎರಡು ಕಾಲುಗಳೂ ನೆಲದ ಮೇಲಿರುವಾಗ ಸಿಗುವ ಭದ್ರತೆ ಒಂಟಿಕಾಲಿನಲ್ಲಿ ಇಲ್ಲ.

ಎಂಜಿನ್ ಹಿಡಿಯದಿದ್ದರೆ

ಎಂಜಿನ್ ಹೊತ್ತಿಕೊಳ್ಳಲಿಲ್ಲ. ಈಗ ಮನಸ್ಸು ಮತ್ತೆ ಕೈಚಾಚಿ ಬ್ಲೇಡನ್ನು ಮೇಲಕ್ಕೆ ತರಲು ಹೇಳುತ್ತದೆ. ಸ್ವಿಚ್ ಇನ್ನೂ ಹಾಕಿಯೇ ಇದೆ. “ಸ್ವಿಚ್ ಆಫ್” ಎಂದು ಕೂಗಿ, ಮರುನುಡಿ ಕೇಳಿ, ಆಮೇಲಷ್ಟೇ ಬ್ಲೇಡನ್ನು ಮುಂದಿನ ಎಳೆತದ ಸ್ಥಾನಕ್ಕೆ ತನ್ನಿ. ಮತ್ತೆ “ಕಾಂಟ್ಯಾಕ್ಟ್”, ಮತ್ತೆ ಮರುನುಡಿ, ಮತ್ತೆ ಎಳೆತ. ಹತ್ತನೆಯ ಎಳೆತಕ್ಕೂ ಇದೇ ಕ್ರಮ. ಸುಸ್ತಾದಾಗಲೇ ಕ್ರಮ ತಪ್ಪುವುದು, ಹಾಗಾಗಿ ಉಸಿರು ಏರಿದ್ದರೆ ಸ್ವಿಚ್ ಆಫ್ ಮಾಡಿಸಿ, ದೂರ ಬಂದು ವಿಶ್ರಾಂತಿ ಪಡೆಯಿರಿ.

ಹಿಡಿಯದಿರುವುದಕ್ಕೆ ಸಾಮಾನ್ಯ ಕಾರಣ ಇಂಧನ ಕಡಿಮೆಯಾಗಿರುವುದು ಅಥವಾ ಹೆಚ್ಚಾಗಿರುವುದು. ಒಂದೆರಡು ಸಲ ಹೊತ್ತಿಕೊಂಡಂತೆ ಮಾಡಿ ನಿಂತರೆ, ಕಾರ್ಬ್ಯುರೇಟರ್ ಒಣಗಿದಂತೆ ಹೀರಿದರೆ, ಇನ್ನಷ್ಟು ಊಡಿಸಬೇಕು. ಕಾರ್ಬ್ಯುರೇಟರಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ, ವಾಸನೆ ದಟ್ಟವಾಗಿದ್ದರೆ, ಎಂಜಿನ್ ಇಂಧನದಲ್ಲಿ ತೊಯ್ದಿದೆ. ಆಗ ಸ್ವಿಚ್ ಆಫ್, ಇಂಧನ ಬಂದ್, ಥ್ರಾಟಲ್ ಪೂರ್ತಿ ತೆರೆದು ಪ್ರೊಪೆಲ್ಲರನ್ನು ಎಂಟು-ಹತ್ತು ಬ್ಲೇಡುಗಳಷ್ಟು ತಿರುಗಿಸಿ ಸಿಲಿಂಡರುಗಳಿಗೆ ಗಾಳಿಯಾಡಿಸುತ್ತಾರೆ. ಹಿಂದುಮುಂದಾಗಿ ತಿರುಗಿಸುವ ರೂಢಿಯೂ ಇದೆ, ಅದಕ್ಕೆ ಮೊದಲು ನಿಮ್ಮ ಎಂಜಿನ್ನಿನ ಕೈಪಿಡಿಯನ್ನು ನೋಡಿ.

ಇಡೀ ಕ್ರಮದಲ್ಲಿ ಎಲ್ಲಕ್ಕಿಂತ ಅಪಾಯದ ಕ್ಷಣ ಇದರ ನಂತರ ಬರುತ್ತದೆ. ಥ್ರಾಟಲ್ ಪೂರ್ತಿ ತೆರೆದಿದೆ, ಸಿಲಿಂಡರುಗಳಲ್ಲಿ ಮಿಶ್ರಣ ಈಗ ಸರಿಯಾದ ಹದಕ್ಕೆ ಬಂದಿದೆ, ಎಲ್ಲರ ಗಮನ ಎಂಜಿನ್ ಹಿಡಿಯಬೇಕು ಎಂಬುದರ ಮೇಲೆಯೇ ಇದೆ. ಥ್ರಾಟಲನ್ನು ಮುಚ್ಚಲು ಮರೆತು ಮುಂದಿನ ಎಳೆತಕ್ಕೆ ಹೋದರೆ ಎಂಜಿನ್ ಪೂರ್ಣ ಶಕ್ತಿಯಲ್ಲಿ ಗರ್ಜಿಸುತ್ತದೆ. ಆದ್ದರಿಂದ ಗಾಳಿಯಾಡಿಸಿದ ಬಳಿಕ ನೇರವಾಗಿ “ಕಾಂಟ್ಯಾಕ್ಟ್” ಎಂದು ಕೂಗಬಾರದು. ಮೊದಲ ಸುತ್ತಿನ ಪ್ರಶ್ನೆಗಳನ್ನೆಲ್ಲ ಮತ್ತೆ ಆರಂಭದಿಂದ ಕೇಳಿ, “ಥ್ರಾಟಲ್ ಕ್ಲೋಸ್ಡ್” ಎಂಬ ಉತ್ತರವನ್ನು ಕಿವಿಯಾರೆ ಕೇಳಬೇಕು. ಸಾಧ್ಯವಾದರೆ ಹೊರಗಿನವರೇ ಕಾಕ್‌ಪಿಟ್ ಬಳಿಗೆ ಹೋಗಿ ಥ್ರಾಟಲಿನ ಹಿಡಿಯನ್ನು ಕಣ್ಣಾರೆ ನೋಡಿ ಬರಲಿ.

ಪ್ರೊಪೆಲ್ಲರ್ ಒಮ್ಮೆ ಹಿಂದಕ್ಕೆ ಒದ್ದರೆ ಆ ದಿನಕ್ಕೆ ಅಲ್ಲಿಗೇ ನಿಲ್ಲಿಸಿ, ಮ್ಯಾಗ್ನೆಟೊದ ಹೊಂದಾಣಿಕೆಯನ್ನೂ ಇಂಪಲ್ಸ್ ಕಪ್ಲಿಂಗನ್ನೂ ಪರೀಕ್ಷೆ ಮಾಡಿಸಿ. ಕಾರ್ಬ್ಯುರೇಟರಿನಲ್ಲಿ ಬೆಂಕಿ ಕಾಣಿಸಿಕೊಂಡರೆ, ಎಂಜಿನ್ ಓಡುತ್ತಿದ್ದಲ್ಲಿ ಅದನ್ನು ಓಡಲು ಬಿಟ್ಟರೆ ಜ್ವಾಲೆ ಒಳಕ್ಕೆ ಹೀರಿಹೋಗುವ ಸಾಧ್ಯತೆ ಹೆಚ್ಚು. ಓಡುತ್ತಿಲ್ಲವಾದರೆ ಇಂಧನ ಬಂದ್ ಮಾಡಿ, ಸ್ವಿಚ್ ಆಫ್ ಮಾಡಿ, ಒಳಗಿನವರು ಕೂಡಲೇ ಹೊರಬಂದು ಅಗ್ನಿಶಾಮಕ ಬಳಸಬೇಕು.

ಚಾಲೂ ಆದ ಮೇಲೆ

ಒಳಗಿನ ಪೈಲಟ್ ಎಂಜಿನ್ನನ್ನು ಕಡಿಮೆ ವೇಗದಲ್ಲಿಟ್ಟು, 30 ಸೆಕೆಂಡುಗಳೊಳಗೆ ಎಣ್ಣೆಯ ಒತ್ತಡ ಬಂತೇ ಎಂದು ನೋಡುತ್ತಾರೆ. ಬರದಿದ್ದರೆ ಎಂಜಿನ್ ನಿಲ್ಲಿಸುತ್ತಾರೆ. ಹೊರಗಿನವರು ಹಿಂದೆ ಸರಿದು, ಪ್ರೊಪೆಲ್ಲರಿನತ್ತ ಬೆನ್ನು ತಿರುಗಿಸದೆ, ರೆಕ್ಕೆಯ ತುದಿಯನ್ನು ದೊಡ್ಡದಾಗಿ ಬಳಸಿಕೊಂಡು ವಿಮಾನದ ಹಿಂಬದಿಗೆ ಹೋಗಬೇಕು. ತಿರುಗುತ್ತಿರುವ ಪ್ರೊಪೆಲ್ಲರ್ ಕಣ್ಣಿಗೆ ಕಾಣುವುದಿಲ್ಲ. ಎಂಜಿನ್ ಹಿಡಿದ ಸಂತೋಷದಲ್ಲಿ ನೇರವಾಗಿ ಚಾಕ್‌ನತ್ತ ನಡೆಯುವುದು ಅನುಭವಿಗಳನ್ನೂ ಬಲಿ ತೆಗೆದುಕೊಳ್ಳುವ ತಪ್ಪು. ಒಳಗಿನವರು ಬ್ರೇಕ್ ಒತ್ತಿ ಹಿಡಿದಿರುವುದನ್ನು ಸನ್ನೆಯಿಂದ ಖಚಿತಪಡಿಸಿದ ಮೇಲೆ, ರೆಕ್ಕೆಯ ಹಿಂದಿನಿಂದ ಬಂದು ಹಗ್ಗದಿಂದ ಚಾಕ್‌ಗಳನ್ನು ಎಳೆಯಿರಿ. ಬಾಲದ ಗಂಟು ಬಿಚ್ಚುವುದು ಎಲ್ಲಕ್ಕಿಂತ ಕೊನೆಗೆ.

ಜೊತೆಗೆ ಯಾರೂ ಇಲ್ಲದಿದ್ದಾಗ

ಕಟ್ಟಲು ಕೊಂಡಿಯಿಲ್ಲದ ಬಯಲಿನಲ್ಲಿ ಒಬ್ಬರೇ ಇದ್ದರೆ, ಎಂಜಿನ್ ಚಾಲೂ ಮಾಡಬೇಡಿ, ಸಹಾಯಕ್ಕೆ ಕಾಯಿರಿ. ಬಾಲವನ್ನು ಭದ್ರವಾಗಿ ಕಟ್ಟಿ, ಚಾಕ್ ಇಟ್ಟು, ಥ್ರಾಟಲ್ ಮುಚ್ಚಿರುವುದನ್ನು ಕಣ್ಣಿನಿಂದಲೂ ಕೈಯಿಂದಲೂ ಎರಡೆರಡು ಬಾರಿ ನೋಡಿ ಒಬ್ಬರೇ ಎಳೆಯುವ ಅನುಭವಿಗಳಿದ್ದಾರೆ. ಜೆ-3 ಕಬ್‌ನಲ್ಲಿ ಬಾಗಿಲು ಬಲಬದಿಗಿರುವುದರಿಂದ, ಪ್ರೊಪೆಲ್ಲರಿನ ಹಿಂದೆ, ಬಲಚಕ್ರದ ಮುಂದೆ ನಿಂತು, ಎಡಗೈಯಲ್ಲಿ ವಿಮಾನದ ಚೌಕಟ್ಟನ್ನು ಹಿಡಿದು, ಬಲಗೈಯಿಂದ ಬ್ಲೇಡನ್ನು ಕೆಳಕ್ಕೆ ಹೊಡೆಯುವ ಪದ್ಧತಿ ಬಳಕೆಯಲ್ಲಿದೆ. ಅಲ್ಲಿ ನಿಂತರೆ ಥ್ರಾಟಲ್ ಮತ್ತು ಸ್ವಿಚ್ ಹತ್ತಿರವಿರುತ್ತವೆ, ವಿಮಾನ ಮುಂದಕ್ಕೆ ಜಗ್ಗಿದರೆ ಪ್ರೊಪೆಲ್ಲರ್ ನಿಮ್ಮಿಂದ ದೂರ ಹೋಗುತ್ತದೆ. ಆದರೆ ಚಕ್ರ ಮತ್ತು ರೆಕ್ಕೆಯ ಆಧಾರಕಂಬಿಗಳ ನಡುವೆ ಸಿಕ್ಕಿಕೊಳ್ಳುವ ಅಪಾಯವೂ ಅಲ್ಲಿಯೇ ಇದೆ. ಎದುರಿನಿಂದ ಎಳೆಯುವುದನ್ನು ಚೆನ್ನಾಗಿ ಬಲ್ಲವರು ಮಾತ್ರ, ಬೋಧಕರ ಕಣ್ಣೆದುರು, ಇದನ್ನು ಬೇರೆಯೇ ವಿದ್ಯೆಯೆಂದು ಕಲಿಯಲಿ.

ಎಂಜಿನ್ ನಿಲ್ಲಿಸುವಾಗ

ಮುಂದಿನ ಬಾರಿ ಪ್ರೊಪೆಲ್ಲರ್ ಮುಟ್ಟುವವರ ಸುರಕ್ಷತೆಯನ್ನು ಇಂದು ಎಂಜಿನ್ ನಿಲ್ಲಿಸುವ ಪೈಲಟ್ ನೋಡಿಕೊಳ್ಳಬೇಕು. ಎಂಜಿನ್ ಅತಿ ಕಡಿಮೆ ವೇಗದಲ್ಲಿರುವಾಗ ಸ್ವಿಚ್ಚನ್ನು ಒಂದು ಕ್ಷಣ ‘ಆಫ್’ ಮಾಡಿ, ಎಂಜಿನ್ ಸಾಯತೊಡಗಿದ ಕೂಡಲೇ ಮತ್ತೆ ಹಾಕಿ. ಆಫ್ ಮಾಡಿದರೂ ಎಂಜಿನ್ ಓಡುತ್ತಲೇ ಇದ್ದರೆ ಸ್ವಿಚ್ಚಿನಿಂದ ಮ್ಯಾಗ್ನೆಟೊಗೆ ಹೋಗುವ ತಂತಿ ಕೆಟ್ಟಿದೆ. ಅದನ್ನು ದಾಖಲೆಪುಸ್ತಕದಲ್ಲಿ ಬರೆದು, ಪ್ರೊಪೆಲ್ಲರಿಗೆ ಎಚ್ಚರಿಕೆಯ ಫಲಕ ಕಟ್ಟಿ, ದುರಸ್ತಿಯಾಗುವವರೆಗೆ ಯಾರೂ ಮುಟ್ಟದಂತೆ ನೋಡಿಕೊಳ್ಳಬೇಕು. ಇಂಧನ-ಗಾಳಿ ಮಿಶ್ರಣವನ್ನು ಹದಗೊಳಿಸುವ ಹಿಡಿಯಿಂದ ಇಂಧನ ನಿಲ್ಲಿಸುವ ಸೌಲಭ್ಯವಿರುವ ಎಂಜಿನ್ನನ್ನು ಅದರಿಂದಲೇ ನಿಲ್ಲಿಸಿದರೆ ಸಿಲಿಂಡರುಗಳಲ್ಲಿ ಉರಿಯದ ಇಂಧನ ಹೆಚ್ಚು ಉಳಿಯುವುದಿಲ್ಲ. ಆ ಸೌಲಭ್ಯವಿಲ್ಲದೆ ಸ್ವಿಚ್ಚಿನಿಂದಲೇ ನಿಲ್ಲಿಸಬೇಕಾದ ಹಳೆಯ ಎಂಜಿನ್ನುಗಳಲ್ಲಿ ಸ್ವಲ್ಪ ಇಂಧನ ಉಳಿದೇ ಇರುತ್ತದೆ; ಬಿಸಿಯಾಗಿರುವ ಅಂಥ ಎಂಜಿನ್ನಿನ ಪ್ರೊಪೆಲ್ಲರನ್ನು ಅಗತ್ಯವಿಲ್ಲದೆ ಮುಟ್ಟಬೇಡಿ, ವಿಮಾನವನ್ನು ಹ್ಯಾಂಗರಿಗೆ ಸೇರಿಸುವಾಗ ಬ್ಲೇಡನ್ನು ಹಿಡಿದು ಎಳೆಯುವ ಬದಲು ರೆಕ್ಕೆಯ ಆಧಾರಕಂಬಿಗಳನ್ನು ಹಿಡಿದು ತಳ್ಳಿ.